ಯಾರ ಸಾವಿಗೆ ಕೊಳಲು, ಯಾರ ಸಾವಿಗೆ ನಗಾರಿ?

ಒಂದು ಸಣ್ಣ ಪ್ರಯೋಗ ಮಾಡಿ. ನಿಮಗೆ ಇಷ್ಟವಾದ ಯಾವುದಾದರೂ ಯುದ್ಧದ ಸಿನಿಮಾದ ಕ್ಲೈಮ್ಯಾಕ್ಸ್ ಹಾಕಿ, ಪೂರ್ತಿ ಮ್ಯೂಟ್ ಮಾಡಿ ನೋಡಿ. ಐದು ನಿಮಿಷ ಸಾಕು. ಒಂದಷ್ಟು ಜನ ಓಡುತ್ತಾರೆ, ಹೊಗೆ ಏಳುತ್ತದೆ, ಕೆಲವರು ಬೀಳುತ್ತಾರೆ. ಯಾರು ನಮ್ಮವರು, ಯಾರು ಎದುರಾಳಿಗಳು ಎಂಬುದು ಸಮವಸ್ತ್ರದಿಂದ ಗೊತ್ತಾಗಬಹುದು. ಆದರೆ ಯಾರು ಬಿದ್ದಾಗ ಅಳಬೇಕು, ಯಾರು ಬಿದ್ದಾಗ ಸೀಟಿ ಹೊಡೆಯಬೇಕು ಎಂಬುದು ಥಟ್ಟನೆ ತಿಳಿಯುವುದಿಲ್ಲ. ಈಗ ಸೌಂಡ್ ಆನ್ ಮಾಡಿ. ನಾಯಕನ ಗೆಳೆಯ ಬಿದ್ದಾಗ ಎಲ್ಲ ಸದ್ದು ಅಡಗಿ ಒಂದು ಕೊಳಲೋ ಪಿಟೀಲೋ ಶುರುವಾಗುತ್ತದೆ. ಎದುರಾಳಿ ಬಿದ್ದಾಗ ನಗಾರಿ, ಕೋರಸ್, ಎದೆ ಅದುರಿಸುವ ಬೇಸ್. ನಾವು ಯೋಚಿಸುವ ಮೊದಲೇ ಕಣ್ಣು ತುಂಬಿರುತ್ತದೆ, ಇಲ್ಲವೇ ಬಾಯಿಂದ ಸೀಟಿ ಹೊರಟಿರುತ್ತದೆ.

ಐತಿಹಾಸಿಕ ಸಿನಿಮಾ ಬಂದಾಗಲೆಲ್ಲ ನಾವು ಜಗಳವಾಡುವುದು ಕಣ್ಣಿಗೆ ಕಂಡದ್ದರ ಬಗ್ಗೆ. ಇತಿಹಾಸ ತಿರುಚಿದ್ದಾರಾ, ಕತ್ತಿ ಆ ಕಾಲದ್ದೇನಾ, ವಿಎಫ್‌ಎಕ್ಸ್ ಹೇಗಿದೆ ಎಂದು ಗಂಟೆಗಟ್ಟಲೆ ಮಾತಾಡುತ್ತೇವೆ. ಸಂಗೀತದ ವಿಷಯ ಬಂದರೆ ‘ಬಿಜಿಎಂ ಬೆಂಕಿ ಗುರು’ ಎಂಬ ಒಂದೇ ಮಾತಿಗೆ ಮುಗಿಯಿತು. ಆದರೆ ಯುದ್ಧದ ಸಿನಿಮಾದಲ್ಲಿ ಯಾರ ಸಾವು ನಿಜವಾದ ಸಾವು, ಯಾರ ಸಾವು ಬರೀ ಲೆಕ್ಕ ಎಂದು ತೀರ್ಮಾನಿಸುವುದು ಹೆಚ್ಚಿನ ಸಲ ಈ ಬಿಜಿಎಂ. ಸಂಭಾಷಣೆ ಸುಳ್ಳು ಹೇಳಿದರೆ ಪ್ರಶ್ನಿಸಬಹುದು. ಸಂಗೀತದ ಜೊತೆ ವಾದ ಮಾಡಲು ಬರುವುದಿಲ್ಲ. ಹಾಗಾಗಿ ನಮ್ಮ ವಯಸ್ಸಿನವರು ಅದನ್ನು ಸ್ವಲ್ಪ ಎಚ್ಚರದಿಂದ ಕೇಳಲು ಕಲಿಯಬೇಕು ಎಂಬುದು ನನ್ನ ವಾದ.

ಶತ್ರುವಿಗೆ ಕರ್ಕಶ ಸದ್ದು

ರಷ್ಯಾದ ಸೆರ್ಗೆಯ್ ಐಸೆನ್‌ಸ್ಟೈನ್ 1938ರಲ್ಲಿ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಎಂಬ ಸಿನಿಮಾ ಮಾಡಿದರು. 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ರಷ್ಯನ್ನರಿಗೂ ಜರ್ಮನ್ ಯೋಧರಿಗೂ ನಡೆದ ಕಾಳಗದ ಕಥೆ ಅದು. ಸಂಗೀತ ಸೆರ್ಗೆಯ್ ಪ್ರೊಕೊಫಿಯೆವ್ ಅವರದು. ರಷ್ಯನ್ನರಿಗೆ ಅವರು ಜನಪದ ಹಾಡಿನಂಥ ಮಟ್ಟುಗಳನ್ನು ಕೊಟ್ಟರು. ಜರ್ಮನ್ನರಿಗೆ ಕೊಟ್ಟದ್ದು ಒರಟಾದ ಹಿತ್ತಾಳೆ ವಾದ್ಯಗಳನ್ನು. ಆ ವಾದ್ಯಗಳನ್ನು ಮೈಕ್‌ಗೆ ತೀರ ಹತ್ತಿರ ನಿಲ್ಲಿಸಿ ಊದಿಸಿ, ಸದ್ದು ಒಡೆಯುವ ಹಾಗೆ ಮಾಡಿದರು. ಎಲೆಕ್ಟ್ರಾನಿಕ್ಸ್ ಓದುವ ನಮಗೆ ಲ್ಯಾಬಿನಲ್ಲಿ ಇದನ್ನು ಡಿಸ್ಟಾರ್ಷನ್ ಎನ್ನುತ್ತಾರೆ, ಬಂದರೆ ಮಾರ್ಕ್ಸ್ ಹೋಗುತ್ತದೆ. ಪ್ರೊಕೊಫಿಯೆವ್ ಅದನ್ನೇ ಬೇಕೆಂದು ಮಾಡಿದರು. ಶತ್ರುವಿನ ಮುಖ ಸರಿಯಾಗಿ ಕಾಣುವ ಮೊದಲೇ ಅವನ ಸದ್ದು ಕಿವಿಗೆ ಹಿಂಸೆಯಾಗಬೇಕಿತ್ತು.

ಆ ಸಿನಿಮಾದ ಹಣೆಬರಹ ಇನ್ನೂ ಸ್ವಾರಸ್ಯಕರ. 1939ರ ಆಗಸ್ಟ್‌ನಲ್ಲಿ ಸ್ಟಾಲಿನ್ ಮತ್ತು ಹಿಟ್ಲರ್ ಸರ್ಕಾರಗಳ ನಡುವೆ ಒಪ್ಪಂದವಾಯಿತು, ಸಿನಿಮಾ ಥಿಯೇಟರುಗಳಿಂದ ಮಾಯವಾಯಿತು. 1941ರ ಜೂನ್‌ನಲ್ಲಿ ಜರ್ಮನಿ ದಾಳಿ ಮಾಡಿತು, ಸಿನಿಮಾ ಮತ್ತೆ ತೆರೆಗೆ ಬಂತು. 700 ವರ್ಷ ಹಿಂದಿನ ಯುದ್ಧದ ಸಂಗೀತ ಯಾವಾಗ ಕೇಳಿಸಬೇಕು, ಯಾವಾಗ ಕೇಳಿಸಬಾರದು ಎಂಬುದನ್ನು ಆ ವರ್ಷದ ರಾಜಕೀಯ ತೀರ್ಮಾನಿಸಿತು.

ಇದನ್ನು ಸಿನಿಮಾ ಒಂದೇ ಕಂಡುಹಿಡಿದದ್ದಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮರದ ಒಂದು ಹುಲಿ ಇದೆ. ಯುರೋಪಿನ ಸೈನಿಕನೊಬ್ಬನ ಮೇಲೆ ಬಿದ್ದು ಅವನ ಕತ್ತಿಗೆ ಬಾಯಿ ಹಾಕಿರುವ ಹುಲಿ. ಟಿಪ್ಪು ಸುಲ್ತಾನನಿಗಾಗಿ ಮಾಡಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಹೊತ್ತೊಯ್ದದ್ದು. ಅದಕ್ಕೊಂದು ಹಿಡಿ ಇದೆ. ತಿರುಗಿಸಿದರೆ ಒಳಗಿನ ತಿದಿ ಮತ್ತು ಕೊಳವೆಗಳಿಂದ ಹುಲಿಯ ಗುರುಗುಟ್ಟುವಿಕೆಯೂ ಸಾಯುವವನ ನರಳಾಟವೂ ಕೇಳಿಸುವ ಹಾಗೆ ಅದನ್ನು ಮಾಡಿದ್ದಾರೆ. ಪಕ್ಕದಲ್ಲಿ ನುಡಿಸಲು ಕೀಲಿಮಣೆ ಬೇರೆ! ಶತ್ರುವಿನ ಸಾವಿಗೆ ಸದ್ದು ಜೋಡಿಸಿ ಮತ್ತೆ ಮತ್ತೆ ಕೇಳುವ ಆಸೆ ಮನುಷ್ಯನಿಗೆ ಹಳೆಯದು. ಅದನ್ನು ಲೂಟಿ ಮಾಡಿದವರೂ ತಮ್ಮ ಊರಿಗೆ ಒಯ್ದು ಜನರಿಗೆ ನುಡಿಸಿ ತೋರಿಸಿದರು ಎಂಬುದನ್ನು ಮರೆಯಬಾರದು.

ನಿರ್ದೇಶಕನ ಕೈ ಮೀರಿದ್ದು

ಸಂಗೀತ ಎಷ್ಟು ಬಲವಾದದ್ದು ಎಂದರೆ ಕೆಲವು ಸಲ ಅದನ್ನು ಬಳಸಿದವನ ಮಾತನ್ನೂ ಕೇಳುವುದಿಲ್ಲ. ಜರ್ಮನಿಯ ರಿಚರ್ಡ್ ವ್ಯಾಗ್ನರ್ ಅವರ ‘ರೈಡ್ ಆಫ್ ದಿ ವಾಲ್ಕಿರೀಸ್’ ಎಂಬ ಸಂಗೀತ ಕೃತಿ ಇದಕ್ಕೆ ಒಳ್ಳೆಯ ಉದಾಹರಣೆ. 1915ರಲ್ಲಿ ಅಮೆರಿಕದ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮೂಕಿ ಚಿತ್ರ ಬಂತು. ಕರಿಯರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪು ಕುದುರೆ ಏರಿ ‘ರಕ್ಷಿಸಲು’ ಬರುವ ದೃಶ್ಯಕ್ಕೆ ಥಿಯೇಟರಿನ ಆರ್ಕೆಸ್ಟ್ರಾ ಇದನ್ನೇ ನುಡಿಸುತ್ತಿತ್ತು. ಎಂದೋ ಸತ್ತುಹೋಗಿದ್ದ ಆ ಗುಂಪು ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು. ಅದಕ್ಕೆ ಈ ಸಿನಿಮಾದಿಂದ ಸಿಕ್ಕ ಉತ್ತೇಜನ ಇತಿಹಾಸದಲ್ಲಿ ದಾಖಲಾಗಿದೆ.

1979ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದಲ್ಲಿ ಅದೇ ಸಂಗೀತವನ್ನು ಮತ್ತೆ ಬಳಸಿದರು, ಈ ಸಲ ಟೀಕೆ ಮಾಡಲು. ಅಮೆರಿಕದ ಸೇನಾಧಿಕಾರಿಯೊಬ್ಬ ಹೆಲಿಕಾಪ್ಟರಿಗೆ ಧ್ವನಿವರ್ಧಕ ಕಟ್ಟಿ, ಇದೇ ಸಂಗೀತ ಹಾಕಿಕೊಂಡು ವಿಯೆಟ್ನಾಮಿನ ಹಳ್ಳಿಯ ಮೇಲೆ ದಾಳಿ ಮಾಡುತ್ತಾನೆ. ಸಂಗೀತ ಹೊರಗಿನಿಂದ ಬಂದದ್ದಲ್ಲ, ಆ ಅಧಿಕಾರಿಯೇ ಆರಿಸಿದ ಬಿಜಿಎಂ. ಹಳ್ಳಿಯಲ್ಲಿ ಶಾಲೆಯ ಮಕ್ಕಳು ಇದ್ದಾರೆ. ಹೀಗೆ ಹುಚ್ಚು ಹಿಡಿದಂತೆ ಯುದ್ಧ ಮಾಡುತ್ತಾರೆ, ನೋಡಿ ಎನ್ನುವುದು ಆ ದೃಶ್ಯದ ಉದ್ದೇಶ.

ಆದರೆ ಮುಂದೆ ಏನಾಯಿತು? ಗಲ್ಫ್ ಯುದ್ಧದಲ್ಲಿದ್ದ ಮರೀನ್ ಯೋಧನೊಬ್ಬನ ಆತ್ಮಕಥನ ಆಧರಿಸಿ 2005ರಲ್ಲಿ ‘ಜಾರ್‌ಹೆಡ್’ ಸಿನಿಮಾ ಬಂತು. ಅದರಲ್ಲಿ ಯುದ್ಧಕ್ಕೆ ಹೊರಡುವ ಹುಡುಗರಿಗೆ ಇದೇ ಹೆಲಿಕಾಪ್ಟರ್ ದೃಶ್ಯ ತೋರಿಸುತ್ತಾರೆ. ಅವರೆಲ್ಲ ಸಂಗೀತದ ಜೊತೆ ಗಂಟಲು ಸೇರಿಸಿ ಕೂಗುತ್ತಾರೆ, ಕುಣಿಯುತ್ತಾರೆ. ಯುದ್ಧದ ಹುಚ್ಚನ್ನು ತೋರಿಸಲು ಮಾಡಿದ ದೃಶ್ಯ ಯುದ್ಧಕ್ಕೆ ಹುರುಪು ತುಂಬುವ ದೃಶ್ಯವಾಗಿಬಿಟ್ಟಿತು. ಕಥೆ ಒಂದು ಹೇಳಿತು, ತಾಳ ಇನ್ನೊಂದು ಹೇಳಿತು. ಹುಡುಗರು ಕೇಳಿದ್ದು ತಾಳದ ಮಾತನ್ನು.

‘ರಾತ್ರಿಯೆಲ್ಲಾ ಜನರೇಟರ್ ಸಪ್ಪಳ’

ಇದು ದೂರದ ಅಮೆರಿಕದ ಸಂಗತಿ ಎಂದು ಬಿಡುವ ಹಾಗಿಲ್ಲ. ನಮ್ಮ ಹಾಸ್ಟೆಲಿನ ಪಕ್ಕದ ರೂಮಿನಲ್ಲಿರುವ ಬೆಳಗಾವಿ ಕಡೆಯ ಗೆಳೆಯ ಸಿಡಿಎಸ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾನೆ, ಕಿವಿಯಲ್ಲಿ ಯುದ್ಧದ ಸಿನಿಮಾಗಳ ಬಿಜಿಎಂ. ಅದಿಲ್ಲದಿದ್ದರೆ ಕೊನೆಯ ಒಂದು ಕಿಲೋಮೀಟರ್ ಕಾಲು ಏಳುವುದಿಲ್ಲ ಎನ್ನುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ನಾವೆಲ್ಲ ಇಂಟರ್ನಲ್ಸ್ ಹಿಂದಿನ ರಾತ್ರಿ ಅದೇ ಬಿಜಿಎಂ ಹಾಕಿಕೊಂಡೇ ಓದುವವರು.

ಅವನ ಅಪ್ಪ ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. ರಜೆಯಲ್ಲಿ ಅವರ ಮನೆಗೆ ಹೋದಾಗ, ಗಡಿಯಲ್ಲಿ ಇದ್ದದ್ದರಲ್ಲಿ ಯಾವ ಸದ್ದು ಇನ್ನೂ ನೆನಪಿದೆ ಕಾಕಾ ಎಂದು ಕೇಳಿದೆ. ಗುಂಡಿನ ಸದ್ದು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜನರೇಟರ್ ಸಪ್ಪಳ ತಮ್ಮಾ. ರಾತ್ರಿಯೆಲ್ಲಾ ಜನರೇಟರ್ ಸಪ್ಪಳ. ಅದು ಬಂದ್ ಆತಂದ್ರ ಮಾತ್ರ ಎದಿ ಡವಡವ ಅಂತಿತ್ತು’ ಎಂದರು. ಗೆಳೆಯನಿಗೆ ಈ ಮಾತು ಹೊಸದು. ಮನೆಯಲ್ಲೇ ಸೈನಿಕರಿದ್ದರೂ ಯುದ್ಧದ ಸದ್ದು ಹೇಗಿರುತ್ತದೆ ಎಂದು ಅವನು ಕಲಿತದ್ದು ಸಿನಿಮಾದಿಂದ.

ಓಡಲು ಹುರುಪು ಕೊಟ್ಟ ಸಂಗೀತ, ಎಲ್ಲಿಗೆ ಓಡುತ್ತಿದ್ದೇವೆ ಎಂಬುದನ್ನೂ ಹೇಳಿಕೊಡುವ ಹಾಗಾದರೆ ಕಷ್ಟ. ಸೇನೆ ಸೇರುವ ಕನಸು ಕಾಣುವವರು ನಮ್ಮ ಓದುಗರಲ್ಲೇ ಸಾವಿರಾರು ಜನ ಇದ್ದೀರಿ. ಅದು ಗೌರವದ ಕನಸು. ಅಲ್ಲಿನ ಬೇಸರ, ಚಳಿ, ಕಾಯುವಿಕೆ, ಭಯ ಇವು ಬಿಜಿಎಂನಲ್ಲಿ ಬರುವುದಿಲ್ಲ ಎಂದು ಗೊತ್ತಿದ್ದು ಸೇರುವವರಿಗೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು.

ಬೇರೆ ದಾರಿಗಳೂ ಇವೆ

ಯುದ್ಧದ ಸಿನಿಮಾಗೆ ಸಂಗೀತವೇ ಬೇಡ ಎನ್ನುವುದು ನನ್ನ ವಾದವಲ್ಲ. ಅದನ್ನು ಪ್ರಾಮಾಣಿಕವಾಗಿ ಬಳಸಿದವರು ಇದ್ದಾರೆ.

ಮೊದಲ ದಾರಿ, ಬೇಕಾದಲ್ಲಿ ಸುಮ್ಮನಿರುವುದು. ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರಕ್ಕೆ ಸಂಗೀತ ಕೊಟ್ಟವರು ಜಾನ್ ವಿಲಿಯಮ್ಸ್. ಅಂಥ ದಿಗ್ಗಜ ಕೈಯಲ್ಲಿದ್ದರೂ, 1944ರ ಜೂನ್ 6ರಂದು ಒಮಾಹಾ ಕಡಲತೀರದಲ್ಲಿ ಸೈನಿಕರು ಇಳಿಯುವ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ದೃಶ್ಯದ ಕಾಳಗದಲ್ಲಿ ಒಂದು ಸ್ವರವೂ ಇಲ್ಲ. ಗುಂಡು, ನೀರು, ಕೂಗು, ಸ್ಫೋಟದಿಂದ ಕಿವಿ ಮಂಕಾದಾಗಿನ ಗುಂಯ್ ಎನ್ನುವ ಸದ್ದು, ಇಷ್ಟೇ. ಎಲ್ಲ ಮುಗಿದು ಕ್ಯಾಮೆರಾ ಹೆಣಗಳ ಮೇಲೆ ಸಾಗುವಾಗ ಮಾತ್ರ ಸಂಗೀತ ಬರುತ್ತದೆ. ಹೋರಾಟಕ್ಕೆ ತಾಳ ಹಾಕದೆ, ಸತ್ತವರಿಗೆ ಮಾತ್ರ ಸಂಗೀತ ಕೊಟ್ಟಿದ್ದಾರೆ.

ಎರಡನೆಯದು, ಗೆಲುವಿನ ಬದಲು ಆತಂಕವನ್ನು ಕೇಳಿಸುವುದು. ಕ್ರಿಸ್ಟೋಫರ್ ನೋಲನ್ ಅವರ ‘ಡಂಕರ್ಕ್’ (2017) ಚಿತ್ರದಲ್ಲಿ ಹಾನ್ಸ್ ಝಿಮ್ಮರ್ ‘ಶೆಪರ್ಡ್ ಟೋನ್’ ಎಂಬ ತಂತ್ರ ಬಳಸಿದ್ದಾರೆ. ಸಿಗ್ನಲ್ಸ್ ಪೇಪರ್ ಓದಿದವರಿಗೆ ಇದು ಸುಲಭ. ಒಂದೊಂದು ಆಕ್ಟೇವ್ ಅಂತರದಲ್ಲಿ ಕೆಲವು ಸೈನ್ ತರಂಗಗಳನ್ನು ಒಟ್ಟಿಗೆ ನುಡಿಸಿ, ಎಲ್ಲದರ ಫ್ರೀಕ್ವೆನ್ಸಿ ಏರಿಸುತ್ತ ಹೋಗಬೇಕು. ಮೇಲಿನದು ಮೆಲ್ಲಗೆ ಅಡಗುವ ಹೊತ್ತಿಗೆ ಕೆಳಗಿನಿಂದ ಹೊಸದೊಂದು ಮೆಲ್ಲಗೆ ಸೇರಿಕೊಳ್ಳುತ್ತದೆ. ಶ್ರುತಿ ಏರುತ್ತಲೇ ಇದೆ ಎಂದು ಕಿವಿಗೆ ಅನ್ನಿಸುತ್ತದೆ, ಆದರೆ ಎಲ್ಲೂ ತಲುಪುವುದಿಲ್ಲ. ಮನೋವಿಜ್ಞಾನಿ ರೋಜರ್ ಶೆಪರ್ಡ್ 1964ರಲ್ಲಿ ವಿವರಿಸಿದ ಈ ಭ್ರಮೆಗೆ ನೋಲನ್ ತಮ್ಮದೇ ಕೈಗಡಿಯಾರದ ಟಿಕ್ ಟಿಕ್ ಸೇರಿಸಿದರು. ದಡದಲ್ಲಿ ಹಡಗಿಗೆ ಕಾಯುತ್ತಿರುವ ಸೈನಿಕನ ಸಂಕಟ ನಮ್ಮ ಹೊಟ್ಟೆಯಲ್ಲೇ ಶುರುವಾಗುತ್ತದೆ.

ಆದರೆ ಇಲ್ಲೂ ಒಂದು ಮಾತು. 1940ರ ಆ ಕಡಲತೀರದಲ್ಲಿ ಬ್ರಿಟಿಷ್ ಇಂಡಿಯನ್ ಸೇನೆಯ ಹೇಸರಗತ್ತೆ ದಳಗಳ ಭಾರತೀಯರೂ ಇದ್ದರು. ಸಿನಿಮಾದಲ್ಲಿ ಅವರಿಲ್ಲ. ಫ್ರೇಮಿನಲ್ಲಿ ಜಾಗ ಸಿಕ್ಕದವರಿಗೆ ಸಂಗೀತವೂ ಸಿಕ್ಕುವುದಿಲ್ಲ.

ಮೂರನೆಯದು, ಸೈನಿಕನ ಬದಲು ಯುದ್ಧದ ಯಂತ್ರಕ್ಕೆ ಸಂಗೀತ ಕೊಡುವುದು. ಜರ್ಮನ್ ಭಾಷೆಯ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ (2022) ಚಿತ್ರಕ್ಕೆ ಫೋಲ್ಕರ್ ಬರ್ಟೆಲ್‌ಮನ್ ತಮ್ಮ ಮುತ್ತಜ್ಜಿಯ ಕಾಲದ ಹಾರ್ಮೋನಿಯಂ ಬಳಸಿದರು. ನಮ್ಮ ಭಜನಾ ಮಂಡಳಿಗಳ ಹಾರ್ಮೋನಿಯಂನ ಹಿರಿಯಕ್ಕ ಎನ್ನಬಹುದಾದ, ಕಾಲಿನಿಂದ ತಿದಿ ಒತ್ತುವ ವಾದ್ಯ. ಅದರಿಂದ ಹೊರಡಿಸಿದ ಮೂರೇ ಸ್ವರಗಳನ್ನು ಅವರು ಸೈರನ್‌ನಂತೆ ಒರಟುಗೊಳಿಸಿದರು. ಚಿತ್ರದ ಆರಂಭದಲ್ಲಿ ಸತ್ತ ಸೈನಿಕನ ಸಮವಸ್ತ್ರವನ್ನು ಬಿಚ್ಚಿ, ಒಗೆದು, ಹೊಲಿದು, ಹೊಸದಾಗಿ ಸೇರಿದ ಹುಡುಗನಿಗೆ ಕೊಡುತ್ತಾರೆ. ಆ ಮೂರು ಸ್ವರಗಳು ನೆನಪಿಸುವುದು ಅಂಥ ಕಾರ್ಖಾನೆಯನ್ನೇ. ಈ ಸಂಗೀತಕ್ಕೆ 2023ರಲ್ಲಿ ಆಸ್ಕರ್ ಸಿಕ್ಕಿತು.

ಕೊನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು. ಇಟಲಿಯ ಜಿಲ್ಲೊ ಪೊಂಟೆಕೊರ್ವೊ 1966ರಲ್ಲಿ ‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ ಮಾಡಿದರು. ಫ್ರೆಂಚರ ಆಳ್ವಿಕೆ ವಿರುದ್ಧ ಅಲ್ಜೀರಿಯಾದ ಜನ ನಡೆಸಿದ ಹೋರಾಟದ ಕಥೆ. ಸಂಗೀತ ಎನ್ನಿಯೊ ಮೊರಿಕೊನೆ ಮತ್ತು ಸ್ವತಃ ನಿರ್ದೇಶಕರದು. ಚಿತ್ರದಲ್ಲಿ ರಾತ್ರಿ ಹೊತ್ತು ಅರಬ್ಬರ ಕೇರಿಯಲ್ಲಿ ಬಾಂಬ್ ಸಿಡಿಯುತ್ತದೆ. ಅವಶೇಷದಿಂದ ಮಕ್ಕಳ ಶವಗಳನ್ನು ಎತ್ತುವಾಗ ಪ್ರಾರ್ಥನೆಯಂಥ ಸಂಗೀತ ಬರುತ್ತದೆ. ಮುಂದೆ ಅಲ್ಜೀರಿಯಾದ ಹೋರಾಟಗಾರ್ತಿಯರು ಫ್ರೆಂಚರ ಕೆಫೆಗಳಲ್ಲಿ ಬಾಂಬ್ ಇಡುತ್ತಾರೆ. ಅಲ್ಲಿ ಸತ್ತವರನ್ನು ಎತ್ತುವಾಗಲೂ ಅದೇ ಸಂಗೀತ! ಸಿನಿಮಾ ಯಾರ ಪರ ಎಂಬುದರಲ್ಲಿ ಅನುಮಾನವೇ ಇಲ್ಲ, ಅದು ಅಲ್ಜೀರಿಯಾದ ಸ್ವಾತಂತ್ರ್ಯದ ಪರ. ಆದರೂ ಎರಡೂ ಕಡೆಯ ಹೆಣಗಳಿಗೆ ಒಂದೇ ರಾಗ ಕೊಟ್ಟಿತು. ಒಂದು ಪಕ್ಷ ವಹಿಸಿಕೊಂಡೂ ಎದುರಿನವನ ಸಾವನ್ನು ಸಾವೆಂದು ಕಾಣಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮಲ್ಲೇ ಇರುವ ಪಾಠ

ಇದು ನಮಗೆ ಹೊಸದೂ ಅಲ್ಲ. ಯಕ್ಷಗಾನ ನೋಡಿದವರಿಗೆ ಗೊತ್ತು, ರಾವಣನಂಥ ಬಣ್ಣದ ವೇಷ ರಂಗಕ್ಕೆ ಬರುವಾಗ ತೆರೆಯ ಹಿಂದಿನಿಂದಲೇ ಚೆಂಡೆ ಅಬ್ಬರಿಸುತ್ತದೆ. ಎದುರಾಳಿಗೆ ಪೂರ್ಣ ಮರ್ಯಾದೆಯ ಪ್ರವೇಶ. ಕರ್ಣ ಬೀಳುವ ಹೊತ್ತಿಗೆ ಭಾಗವತರ ದನಿ ಕರುಣೆಯಿಂದ ತುಂಬಿರುತ್ತದೆ, ಅವನು ಪಾಂಡವರ ಶತ್ರು ಎಂಬುದನ್ನು ಸಭೆ ಮರೆತಿರುತ್ತದೆ. ಹತ್ತನೇ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿದ. ಆದರೆ ರಣರಂಗದಲ್ಲಿ ತನ್ನವರ ಶವಗಳ ನಡುವೆ ಅಳುತ್ತ ಹೋಗುವ ದುರ್ಯೋಧನನಿಗೆ ಎಂಥ ಮಾತು ಕೊಟ್ಟ ಎಂಬುದು ಆ ಭಾಗ ಓದಿದವರಿಗೆಲ್ಲ ನೆನಪಿರಬಹುದು.

ಸಿನಿಮಾದಲ್ಲೂ ಉದಾಹರಣೆಗಳಿವೆ. 1962ರ ಚೀನಾ ಯುದ್ಧದ ಸೋಲನ್ನು ಹೇಳಿದ ಚೇತನ್ ಆನಂದ್ ಅವರ ‘ಹಕೀಕತ್’ (1964) ಸತ್ತ ಸೈನಿಕರ ಹಾಡಿನಿಂದ ಮುಗಿಯುತ್ತದೆ. ಕೈಫಿ ಆಜ್ಮಿ ಸಾಹಿತ್ಯ, ಮದನ್ ಮೋಹನ್ ಸಂಗೀತ, ಮೊಹಮ್ಮದ್ ರಫಿ ದನಿ. ಗೆಲುವಿಲ್ಲದ ಕಥೆಗೆ ಸುಳ್ಳು ನಗಾರಿ ಬಾರಿಸುವ ಗೋಜಿಗೆ ಅವರು ಹೋಗಲಿಲ್ಲ. 1971ರ ಲೋಂಗೆವಾಲಾ ಕದನದ ‘ಬಾರ್ಡರ್’ (1997) ಎಂದರೆ ನಮಗೆಲ್ಲ ನೆನಪಾಗುವುದು ಮನೆಯಿಂದ ಬರುವ ಪತ್ರಗಳ ಆ ಉದ್ದನೆಯ ಹಾಡು. ಅದೇ ಸಿನಿಮಾ ಶತ್ರುವನ್ನು ಸಹೋದರ ಎಂದು ಕರೆಯುವ ಇನ್ನೊಂದು ಹಾಡಿನಿಂದ ಮುಗಿಯುತ್ತದೆ. ಎರಡನ್ನೂ ಬರೆದವರು ಜಾವೇದ್ ಅಖ್ತರ್. ನಮ್ಮ ಹಾಸ್ಟೆಲಿನಲ್ಲಿ ಕೇಳಿ ನೋಡಿದೆ. ಮೊದಲನೆಯದು ಎಲ್ಲರಿಗೂ ಬಾಯಿಪಾಠ, ಎರಡನೆಯದು ಗೊತ್ತಿದ್ದವರು ಇಬ್ಬರೇ. ಕನ್ನಡದಲ್ಲಿ ಕೊಡಗಿನ ಯೋಧನ ಕಥೆ ಹೇಳಿದ ‘ಮುತ್ತಿನ ಹಾರ’ (1990) ಚಿತ್ರದಿಂದ ನಮ್ಮ ಅಪ್ಪ ಅಮ್ಮಂದಿರ ಕಿವಿಯಲ್ಲಿ ಉಳಿದದ್ದು ಗುಂಡಿನ ಸದ್ದಲ್ಲ, ಹಂಸಲೇಖ ಅವರ ಹಾಡುಗಳು.

ಹಾಗಾದರೆ ರೋಮಾಂಚನ ಬೇಡವೇ?

‘ಸಿನಿಮಾ ಅಂದ್ರೆ ಮೈ ಜುಂ ಅನ್ನಬೇಕಪ್ಪ, ನೀನೇನು ಪಾಠ ಮಾಡ್ತೀಯ?’ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹುರುಪು ತುಂಬುವ ಸಂಗೀತ ಮಾಡುವುದೂ ದೊಡ್ಡ ವಿದ್ಯೆ. ‘ಉರಿ’ (2019) ಚಿತ್ರದ ಹಿನ್ನೆಲೆ ಸಂಗೀತಕ್ಕೆ ಶಾಶ್ವತ್ ಸಚ್‌ದೇವ್ ರಾಷ್ಟ್ರ ಪ್ರಶಸ್ತಿ ಪಡೆದದ್ದು ಸುಮ್ಮನೆ ಅಲ್ಲ. ನಿಜವಾದ ಸೇನೆಗಳಲ್ಲೂ ಕಹಳೆ, ನಗಾರಿ, ಬ್ಯಾಂಡ್ ಹಿಂದಿನಿಂದಲೂ ಇವೆ. ರೇಡಿಯೊ ಬರುವ ಮೊದಲು ಆಜ್ಞೆ ದಾಟಿಸುತ್ತಿದ್ದದ್ದೇ ಅವು. ಥಿಯೇಟರಿನಲ್ಲಿ ಮೈ ಜುಂ ಎಂದರೆ ಎನ್ನಲಿ, ಸೀಟಿಯೂ ಹೊಡೆಯೋಣ.

ತೊಂದರೆ ಶುರುವಾಗುವುದು ಥಿಯೇಟರಿನಿಂದ ಹೊರಬಂದ ಮೇಲೆ. ಗಡಿಯಲ್ಲಿ ಉದ್ವಿಗ್ನತೆ ಹೆಚ್ಚಾದಾಗ ನಮ್ಮ ಫೋನುಗಳನ್ನು ನೆನಪಿಸಿಕೊಳ್ಳಿ. ನಿಜವಾದ ಸ್ಫೋಟದ ದೃಶ್ಯಕ್ಕೆ ಸಿನಿಮಾದ ಬಿಜಿಎಂ ಅಂಟಿಸಿದ ರೀಲ್ಸ್ ಒಂದರ ಹಿಂದೊಂದು ಬರುತ್ತವೆ. ವಿಡಿಯೊ ಗೇಮಿನ ದೃಶ್ಯಗಳೂ ಯುದ್ಧದ ದೃಶ್ಯಗಳೆಂದು ಹರಿದಾಡಿದ್ದಿವೆ. ತಾಳ ಚೆನ್ನಾಗಿದ್ದರೆ ಯಾರೂ ಮೂಲ ಕೇಳುವುದಿಲ್ಲ. ಸಿನಿಮಾದಲ್ಲಿ ಬಿದ್ದವನು ಶಾಟ್ ಮುಗಿದ ಮೇಲೆ ಎದ್ದು ಕಾಫಿ ಕುಡಿಯುತ್ತಾನೆ. ರೀಲ್ಸ್‌ನಲ್ಲಿ ಹೊತ್ತಿ ಉರಿಯುವ ಮನೆಯಲ್ಲಿ ನಿಜವಾಗಿ ಯಾರೋ ಇದ್ದಿರಬಹುದು. ಅದಕ್ಕೆ ನಾವು ಬೀಟ್ ಸಿಂಕ್ ಮಾಡುತ್ತೇವೆ, ಫಾರ್ವರ್ಡ್ ಮಾಡುತ್ತೇವೆ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಯುದ್ಧದ್ದು ಎಂದು ಬರುವ ಯಾವ ವಿಡಿಯೊವನ್ನೂ ಮೊದಲು ಮ್ಯೂಟ್ ಮಾಡಿ ನೋಡಿ, ಆಮೇಲೆ ಹಂಚಬೇಕೇ ಬೇಡವೇ ಎಂದು ತೀರ್ಮಾನಿಸಿ. ಮುಂದಿನ ಐತಿಹಾಸಿಕ ಸಿನಿಮಾ ನೋಡುವಾಗ ಯಾರ ಸಾವಿಗೆ ಯಾವ ವಾದ್ಯ ಕೊಟ್ಟಿದ್ದಾರೆ ಎಂದು ಗಮನಿಸಿ, ಅದನ್ನು ಗೆಳೆಯರ ಜೊತೆ ಚರ್ಚೆ ಮಾಡಿ. ಕಾಲೇಜು ಫೆಸ್ಟಿಗೆ ಶಾರ್ಟ್ ಫಿಲ್ಮ್ ಮಾಡುವ ಗೆಳೆಯರು ಉಚಿತವಾಗಿ ಸಿಗುವ ‘ಎಪಿಕ್’ ಟ್ರ್ಯಾಕ್ ಹಾಕುವ ಮೊದಲು, ಆ ದೃಶ್ಯವನ್ನು ಒಮ್ಮೆ ಅದರದೇ ಸದ್ದಿನಲ್ಲಿ ಬಿಟ್ಟು ನೋಡಿ. ನಮ್ಮ ನಿರ್ದೇಶಕರಿಗೂ ಒಂದು ಮಾತು: ಪ್ರೇಕ್ಷಕರಾದ ನಮ್ಮ ಮೇಲೆ ಸ್ವಲ್ಪ ನಂಬಿಕೆ ಇಡಿ. ಎಲ್ಲಿ ಅಳಬೇಕು ಎಂದು ಪಿಟೀಲು ಹೇಳದಿದ್ದರೂ ನಮಗೆ ಗೊತ್ತಾಗುತ್ತದೆ.

ಯುದ್ಧದ ತೀರ್ಮಾನಗಳು ಬಿಸಿ ರಕ್ತದವರ ಹೆಸರಿನಲ್ಲಿ ಆಗುತ್ತವೆ, ಹೋಗಿ ನಿಲ್ಲುವವರೂ ನಮ್ಮ ವಯಸ್ಸಿನವರೇ. ಎರಡೂ ಕಡೆ. ಇನ್ನು ಕೆಲವು ವರ್ಷಗಳಲ್ಲಿ ವೋಟು ಹಾಕಿ, ಕೆಲಸ ಹಿಡಿದು, ಕೆಲವರು ಸಮವಸ್ತ್ರವನ್ನೂ ತೊಟ್ಟು ಈ ದೇಶ ನಡೆಸಬೇಕಾದವರು ನಾವು. ಯುದ್ಧದ ಬಗ್ಗೆ ನಮ್ಮ ಅಭಿಪ್ರಾಯ ಯಾರೋ ಸ್ಟುಡಿಯೊದಲ್ಲಿ ಕೂತು ಮಿಕ್ಸ್ ಮಾಡಿದ ಟ್ರ್ಯಾಕಿನಿಂದ ಬಂದದ್ದೋ, ನಾವೇ ಓದಿ, ಕೇಳಿ, ಯೋಚಿಸಿ ತಲುಪಿದ್ದೋ ಎಂದು ಈಗಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.